ಕನ್ನಡಿ ಮೇಸ್ತ್ರಿಯ ಒಬ್ಬನೇ ಸಾಕ್ಷಿ

ಮರಕ್ಕೆ ಪಾಲಿಶ್ ಹಾಕೋದರಲ್ಲಿ ಅವನಿಗೆ ಅವನೇ ಸಾಟಿ ಅಂತ ಇಡೀ ಬೀದಿಗೆ ಗೊತ್ತು. ಅವನು ಕೈಯಾಡಿಸಿದ ಮೇಜಿನ ಮೇಲೆ ಬಗ್ಗಿ ನೋಡಿದರೆ ನಿಮ್ಮ ಮುಖ ನಿಮಗೆ ಕಾಣಬೇಕು, ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದು ಕೂಡ. ಅದಕ್ಕೇ ಕನ್ನಡಿ ಮೇಸ್ತ್ರಿ ಅಂತ ಹೆಸರು ಬಿತ್ತು. ಹಾಗೆ ಹೆಸರಿಟ್ಟವರೇ ಎಷ್ಟೋ ಸಂಜೆ ಅವನನ್ನು ಚರಂಡಿ ಪಕ್ಕದಿಂದ ಎತ್ತಿ, ಮನೆ ಬಾಗಿಲಿಗೆ ಒರಗಿಸಿ, ಹೆಂಡತಿ ಹೊರಗೆ ಬರೋದರೊಳಗೆ ಮಾಯವಾಗಿದ್ದರು. ಹನ್ನೆರಡು ವರ್ಷ ಕುಡಿದ. ಅದೇನು ಸಣ್ಣಪುಟ್ಟ ಕುಡಿತವಲ್ಲ ಬಿಡಿ, ನಿಷ್ಠೆಯಿಂದ ಕುಡಿದ.

ಇಂಥವನ ಕಸುಬು ನೋಡಿ. ಪಾಲಿಶ್ ಅಂದರೆ ಅರಗು. ಅರಗಿನ ಚಕ್ಕೆ ನೀರಿಗೆ ಕರಗೋದಿಲ್ಲ, ಎಣ್ಣೆಗೆ ಕರಗೋದಿಲ್ಲ, ಅದಕ್ಕೆ ಸ್ಪಿರಿಟ್ಟೇ ಬೇಕು. ಬೆಳಗ್ಗೆಯಿಂದ ಸಂಜೆವರೆಗೆ ಅವನ ಕೈ ಅದರಲ್ಲೇ ನೆನೆದಿರಬೇಕು. ಅಂಗಡಿಗೆ ಬರೋ ಸ್ಪಿರಿಟ್ಟಿಗೆ ಯಾರೂ ಕುಡಿಯಬಾರದು ಅಂತಲೇ ವಿಷ ಬೆರೆಸಿರುತ್ತಾರೆ. ಆದರೂ ಎರಡು ಸಲ ಅದನ್ನೇ ಕುಡಿದಿದ್ದ ಪುಣ್ಯಾತ್ಮ. ಎರಡನೇ ಸಲ ಮೂರು ದಿನ ಕಣ್ಣು ಕಾಣಲಿಲ್ಲ. ಆಸ್ಪತ್ರೆ ಮಂಚದ ಮೇಲೆ ಕಣ್ಣು ಬಿಟ್ಟಾಗ ಮೊದಲು ಮಬ್ಬುಮಬ್ಬಾಗಿ ಕಂಡಿದ್ದು ಹೆಂಡತಿಯ ಮುಖ. ಅವಳು ಶಾಲೆ ಮಕ್ಕಳ ಸಮವಸ್ತ್ರ ಹೊಲಿದು ಮನೆ ನಡೆಸುತ್ತಿದ್ದವಳು, ಮಾತು ಕಡಿಮೆ. ಇನ್ನೊಂದು ಸಲ ಹೀಗಾದರೆ ಜಗಳವೂ ಇಲ್ಲ, ಅಳುವೂ ಇಲ್ಲ, ಮಗಳನ್ನು ಕರೆದುಕೊಂಡು ಅಣ್ಣನ ಮನೆಗೆ ಹೋಗ್ತೀನಿ, ಆಮೇಲೆ ಹುಡುಕಿಕೊಂಡು ಬರಬೇಡಿ ಅಂದಳು. ದನಿ ಏರಿಸದೆ ಅಂದಳು. ಅದಕ್ಕೇ ಅವನ ಜೀವ ಬಾಯಿಗೆ ಬಂತು.

ಅವತ್ತಿನಿಂದ ಹದಿನಾಲ್ಕು ತಿಂಗಳು ಒಂದು ಹನಿ ಮುಟ್ಟಿರಲಿಲ್ಲ.

ಹೇಗೆ ಬಿಟ್ಟ ಅಂತ ಕೇಳಿದರೆ ಅವನಿಗೇ ಸರಿಯಾಗಿ ಹೇಳೋಕೆ ಬರುತ್ತಿರಲಿಲ್ಲ. ವಾರಕ್ಕೊಂದು ಸಂಜೆ ಒಂದು ಶಾಲೆಯ ಕೋಣೆಯಲ್ಲಿ ಕುಡಿತ ಬಿಟ್ಟವರು ಸೇರುತ್ತಿದ್ದರು. ಚಿಕ್ಕ ಮಕ್ಕಳ ಬೆಂಚಿನಲ್ಲಿ ಮಂಡಿ ಗಲ್ಲಕ್ಕೆ ತಾಗುವ ಹಾಗೆ ಕೂತು ತಂತಮ್ಮ ಕಥೆ ಹೇಳಿಕೊಳ್ಳೋರು. ಅಲ್ಲಿ ಎಲ್ಲರದೂ ಒಂದೇ ಮಾತು, ನಿನ್ನ ಕೈಲಾಗದು, ಮೇಲಿನವನಿಗೆ ಒಪ್ಪಿಸಿಬಿಡು. ಅದನ್ನು ಕೇಳಿದರೆ ಮೇಸ್ತ್ರಿಗೆ ಮೈಯೆಲ್ಲ ಉರಿಯೋದು. ಅವನಪ್ಪನೂ ಕುಡುಕನೇ. ಅಪ್ಪ ಕುಡಿಯೋದು ಬಿಡಲಿ ಅಂತ ಹತ್ತು ವರ್ಷದವನಿದ್ದಾಗ ದಿನಾ ಕೈ ಮುಗಿದಿದ್ದ. ಅಪ್ಪ ಬಿಟ್ಟ, ಕುಡಿತವನ್ನಲ್ಲ, ಪ್ರಾಣವನ್ನು. ಅವತ್ತಿಂದ ದೇವರಿಗೂ ಅವನಿಗೂ ಮಾತು ನಿಂತಿತ್ತು.

ಆ ಗುಂಪಿನಲ್ಲಿ ಎಲ್ಲರಿಗಿಂತ ಹಳಬ ಲಿಫ್ಟಣ್ಣ. ನಾಲ್ಕು ಮಹಡಿಯ ಕಚೇರಿ ಕಟ್ಟಡದಲ್ಲಿ ಲಿಫ್ಟ್ ನಡೆಸುವ ಕೆಲಸ, ಕುಡಿತ ಬಿಟ್ಟು ಇಪ್ಪತ್ತೆರಡು ವರ್ಷ. ದಿನಕ್ಕೆ ನೂರು ಸಲ ಮೇಲೆ ಹೋಗಿ ಬರ್ತೀನಿ, ಮೇಲಿನವನು ಒಂದು ಸಲವೂ ಅಲ್ಲಿ ಸಿಕ್ಕಿಲ್ಲ, ಸಿಕ್ಕಿದಾಗೆಲ್ಲ ನೆಲದ ಮೇಲೇ ಸಿಕ್ಕಿದ್ದು ಅಂತ ನಗಿಸುತ್ತಿದ್ದ. ಮೇಸ್ತ್ರಿ ಒಂದು ದಿನ, ನನಗೆ ನಂಬಿಕೆ ಇಲ್ಲ ಅಣ್ಣ, ಇಲ್ಲದ್ದನ್ನು ಎಲ್ಲಿಂದ ತರಲಿ ಅಂತ ರೇಗಿದ.

"ನಂಬು ಅಂತ ಯಾರು ಹೇಳಿದ್ರು ನಿನಗೆ?" ಅಂದ ಲಿಫ್ಟಣ್ಣ. "ಬೆಳಗ್ಗೆ ಎದ್ದು, ಇವತ್ತೊಂದು ದಿನ ನನ್ನನ್ನ ತಡಿ ಅಂತ ಕೇಳು. ಮಲಗುವಾಗ, ಆಯ್ತು ಅಂತ ಹೇಳು. ಕೇಳೋದಕ್ಕೆ ಬಾಯಿದ್ರೆ ಸಾಕು ಕಣಯ್ಯ."

ಸರಿ, ಕೇಳೋಕೆ ಶುರು ಮಾಡಿದ. ಹಲ್ಲುಜ್ಜುತ್ತಾ, ಬಾಯಲ್ಲಿ ನೊರೆ ಇಟ್ಟುಕೊಂಡೇ, ಏನಯ್ಯಾ, ಇದ್ದೀಯೋ ಇಲ್ವೋ ಗೊತ್ತಿಲ್ಲ, ಇದ್ದರೆ ಇವತ್ತು ತಡಿ ಅನ್ನೋನು. ಜಗಳ ಆಡಿದ ಪಕ್ಕದ ಮನೆಯವನ ಹತ್ತಿರ ಏಣಿ ಕೇಳಿದ ಹಾಗಿತ್ತು ಆ ಧಾಟಿ. ಆದರೂ ಏಣಿ ಸಿಗುತ್ತಿತ್ತು. ದಿನಾ ಸಂಜೆ ನೆಟ್ಟಗೆ ನಡೆದು ಮನೆಗೆ ಬರುತ್ತಿದ್ದ, ಅದು ಹೇಗೆ ಅಂತ ಅವನಿಗೂ ಆಶ್ಚರ್ಯ.

ಅಂಗಡಿಯಲ್ಲೂ ಒಂದು ಏರ್ಪಾಡಿತ್ತು. ಅಂಗಡಿ ಬಡಗಿಯದು. ಸ್ಪಿರಿಟ್ ಡಬ್ಬ ಬಡಗಿಯ ಬೆಂಚಿನ ಕೆಳಗೆ ಬೀಗದಲ್ಲಿರೋದು. ಆಯಾ ಹೊತ್ತಿಗೆ ಬೇಕಾದಷ್ಟನ್ನು ಬಡಗಿಯೇ ಅಳೆದು ಅರಗಿಗೆ ಸುರಿದು ಕೊಡೋನು. ಘಾಟು ತಲೆಗೇರದಿರಲಿ ಅಂತ ಮೇಸ್ತ್ರಿ ಕಿಟಕಿ ಬಾಗಿಲು ಹಾರು ಹೊಡೆದು ಕೆಲಸ ಮಾಡೋನು.

ಆ ದಿನ ಈ ಏರ್ಪಾಡೆಲ್ಲ ತಲೆಕೆಳಗಾಯಿತು. ಒಂದು ಗ್ರಂಥಾಲಯಕ್ಕೆ ಮಾಡಿದ ಹನ್ನೆರಡು ಜನರ ಉದ್ದನೆ ಮೇಜು ಮರುದಿನ ಮಧ್ಯಾಹ್ನಕ್ಕೆ ಹೋಗಬೇಕು. ಬಡಗಿಗೆ ಬೇರೆ ಕಡೆ ಬಾಗಿಲು ಕೂರಿಸೋ ಕೆಲಸ ಬಂತು. ಹದಿನಾಲ್ಕು ತಿಂಗಳು ನೋಡಿದ್ದೀನಲ್ಲ ನಿನ್ನ, ಅಂತ ಡಬ್ಬದ ಬೀಗದ ಕೈಯನ್ನೂ ಅಂಗಡಿಯ ಬೀಗದ ಕೈಯನ್ನೂ ಮೇಸ್ತ್ರಿಯ ಜೇಬಿಗೆ ಹಾಕಿ ಹೊರಟ. ಮೇಸ್ತ್ರಿಗೆ ಬೇಡ ಅನ್ನೋಕೆ ನಾಚಿಕೆ. ಸಾಲದ್ದಕ್ಕೆ ಹೊರಗೆ ರಸ್ತೆ ಅಗೆಯುತ್ತಿದ್ದರು, ಕಣ್ಣು ಬಿಡೋಕಾಗದಷ್ಟು ಧೂಳು. ಹಸಿ ಪಾಲಿಶ್ ಮೇಲೆ ಧೂಳು ಕೂತರೆ ಮುಗಿಯಿತು, ಮೇಜು ಮೈಗೆಲ್ಲ ಬೆವರುಸಾಲೆ ಎದ್ದ ಹಾಗೆ ಕಾಣುತ್ತೆ. ಇವನೋ ಕನ್ನಡಿ ಮೇಸ್ತ್ರಿ. ಎದ್ದು ಕಿಟಕಿ ಮುಚ್ಚಿದ, ಬಾಗಿಲು ಹಾಕಿದ, ಫ್ಯಾನು ನಿಲ್ಲಿಸಿದ, ಬಾಗಿಲ ಕೆಳಗಿನ ಸಂದಿಗೆ ಗೋಣಿಚೀಲ ತುರುಕಿದ. ಪಾಲಿಶ್ ಕೆಟ್ಟೀತು ಅಂತ ಹೆದರಿದವನಿಗೆ ತನ್ನ ಮೈ ಕೆಟ್ಟೀತು ಅನ್ನೋದು ಹೊಳೆಯಲಿಲ್ಲ. ಪಾಲಿಶ್ ಹಾಕೋರ ತಲೆಯೇ ಹಾಗೆ.

ಆರು ಗಂಟೆ ಹೊತ್ತು ಆ ಮುಚ್ಚಿದ ಕೋಣೆಯಲ್ಲಿ, ಬಟ್ಟೆಯ ಉಂಡೆಯನ್ನು ಅರಗಿಗೆ ಅದ್ದಿ ಅದ್ದಿ, ಸುತ್ತು ಸುತ್ತಾಗಿ ಕೈಯಾಡಿಸಿದ. ಡಬ್ಬದ ಕಡೆ ಹೋದಾಗೆಲ್ಲ ಮುಖ ಆಚೆ ತಿರುಗಿಸಿಕೊಂಡು ಸುರಿದ. ಒಂದು ಹನಿ ಬಾಯಿಗೆ ಹೋಗಲಿಲ್ಲ. ನಾಲ್ಕು ಗಂಟೆಗೆ ಕೊನೇ ಕೋಟ್ ಮುಗಿಸಿ ಹೊರಗೆ ಬಂದಾಗ ನೆಲ ತೇಲಿದ ಹಾಗಾಯಿತು. ಕಣ್ಣು ಕೆಂಡ, ತಲೆಯೊಳಗೆ ಸುತ್ತಿಗೆ ಏಟು. ಗಾಳಿ ತಗುಲಿದರೆ ಸರಿಹೋಗುತ್ತೆ ಅಂದುಕೊಂಡು ಮನೆ ಕಡೆ ನಡೆದ.

ಮಗಳು ಬೀದಿಯಲ್ಲಿ ಆಡುತ್ತಿದ್ದಳು. ನಾಲ್ಕನೇ ಕ್ಲಾಸು. ದೂರದಿಂದಲೇ ಅವನನ್ನು ಕಂಡು ಓಡಿ ಬಂದವಳು ಎರಡು ಮಾರು ದೂರದಲ್ಲೇ ಗಕ್ಕನೆ ನಿಂತುಬಿಟ್ಟಳು. ಆ ವಾಸನೆ ಅವಳಿಗೆ ಅಕ್ಷರ ಕಲಿಯೋಕೆ ಮುಂಚಿನಿಂದ ಗೊತ್ತು. ತಿರುಗಿ ಮನೆಯೊಳಗೆ ಹೋದಳು.

ಹೆಂಡತಿ ಬಾಗಿಲಿಗೆ ಬಂದಳು. ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು. ಅವನ ಕಣ್ಣು ನೋಡಿದಳು, ಕಾಲು ನೋಡಿದಳು, ಒಂದು ಸಲ ಉಸಿರು ಎಳೆದುಕೊಂಡಳು. ಅವನು ಧೂಳು, ಕಿಟಕಿ, ಬಡಗಿ ಅಂತ ಗಡಿಬಿಡಿಯಲ್ಲಿ ಹೇಳೋಕೆ ಹೋದ. ಹಾಳು ನಾಲಗೆ ಅವತ್ತೇ ತೊದಲಬೇಕೇ?

"ಕುಡಿದಿಲ್ಲ ಕಣೇ," ಅಂದ. "ದೇವರಾಣೆ."

"ಅದೊಂದು ಮಾತು ಬೇಡ. ಹನ್ನೆರಡು ವರ್ಷದಲ್ಲಿ ಆ ಆಣೆ ಹಾಕದೆ ಒಂದು ದಿನಾನಾದ್ರೂ ಕುಡಿದಿದ್ದೀರಾ?"

ಬಾಗಿಲು ಮುಚ್ಚಿತು. ಚಿಲಕ ಬಿತ್ತು. ಒಳಗೆ ಮಂಚದ ಕೆಳಗಿನಿಂದ ಸೂಟ್‌ಕೇಸ್ ಎಳೆಯೋ ಸದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

ಬಿದ್ದೆನೋ ಎದ್ದೆನೋ ಅಂತ ಲಿಫ್ಟಣ್ಣನ ಕಟ್ಟಡಕ್ಕೆ ಓಡಿದ. ಲಿಫ್ಟಣ್ಣ ಒಂದು ಮಾತು ಹೇಳಿದರೆ ಹೆಂಡತಿ ಕೇಳುತ್ತಾಳೆ, ಅವನ ಮೇಲೆ ಅವಳಿಗೆ ಗೌರವ. ಲಿಫ್ಟಣ್ಣ ಜನರನ್ನೆಲ್ಲ ಇಳಿಸಿ, ಇವನೊಬ್ಬನನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದ. ನಡೆದದ್ದನ್ನೆಲ್ಲ ಹೇಳಿ ಮೇಸ್ತ್ರಿ ಬಾಯಿ ತೆರೆದು ಅವನ ಮುಖಕ್ಕೇ ಉಸಿರು ಬಿಟ್ಟ. ಲಿಫ್ಟಣ್ಣ ಮೂಸಿದ. ಇನ್ನೊಂದು ಸಲ ಮೂಸಿದ. ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

"ನನಗೆ ಗೊತ್ತಾಗ್ತಿಲ್ಲಪ್ಪ," ಅಂದ ಕೊನೆಗೆ. "ಸುಳ್ಳು ಹೇಳಲಾರೆ. ಕುಡಿದೋರೂ ಹೀಗೇ ಇರ್ತಾರೆ, ಇದೇ ಮಾತು ಹೇಳ್ತಾರೆ. ನಾನೂ ಹೇಳಿದ್ದೀನಿ."

"ಮತ್ತೆ ಯಾರಿಗಣ್ಣ ಗೊತ್ತು?"

"ನಿನಗೆ ಗೊತ್ತು. ಇನ್ನೊಬ್ಬನಿಗೆ ಗೊತ್ತು, ಅವನು ಇದ್ದರೆ."

ಮೇಸ್ತ್ರಿ ಸಿಟ್ಟಿನಲ್ಲಿ ಲಿಫ್ಟಿನ ಬಾಗಿಲು ತಾನೇ ತೆಗೆದುಕೊಂಡು ಹೊರಗೆ ಬಂದ. ಲಿಫ್ಟಣ್ಣ ಹಿಂದಿನಿಂದ ಕೂಗಿದ, ಇಲ್ಲೇ ಕೂರು, ನನ್ನ ಪಾಳಿ ಮುಗಿಯೋವರೆಗೆ ಎಲ್ಲೂ ಹೋಗಬೇಡ ಅಂತ. ಇವನು ಕೇಳಿಸಿಕೊಳ್ಳಲಿಲ್ಲ. ಕಾಲು ಅವನನ್ನು ಅಂಗಡಿಗೆ ತಂದು ನಿಲ್ಲಿಸಿತು. ಬೀಗ ತೆಗೆದ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಬೆಂಚಿನ ಕೆಳಗಿನ ಡಬ್ಬ ಎತ್ತಿ, ಬಡಗಿ ನೀರು ಕುಡಿಯೋ ಸ್ಟೀಲ್ ಲೋಟಕ್ಕೆ ಕಂಠಮಟ್ಟ ಸುರಿದ. ವಿಷ ಅಂತ ಗೊತ್ತಿಲ್ಲವೇ? ಗೊತ್ತಿತ್ತು. ಅದೂ ಒಂದು ಆಸೆಯೇ ಆಗಿತ್ತು ಆ ಹೊತ್ತಿಗೆ. ಕುಡಿಯದೇ ಕುಡುಕ ಅನ್ನಿಸಿಕೊಂಡಾಯಿತು, ಕುಡಿಯದೇ ಮನೆ ಹೋಯಿತು, ಮಗಳು ಮುಖ ತಿರುಗಿಸಿದಳು. ಶಿಕ್ಷೆ ಪೂರ್ತಿ ಅನುಭವಿಸಿದ ಮೇಲೆ ತಪ್ಪೊಂದನ್ನು ಯಾಕೆ ಬಾಕಿ ಉಳಿಸಬೇಕು?

ಲೋಟ ತುಟಿಯ ಹತ್ತಿರ ಬಂತು. ಕಣ್ಣಲ್ಲಿ ನೀರು ಬಂತು, ವಾಸನೆಗೋ ದುಃಖಕ್ಕೋ. ಬಾಯಿಗೆ ಬಂದ ಹಾಗೆ ಬೈಯೋಕೆ ಶುರು ಮಾಡಿದ, ದೇವರನ್ನೇ. ನಮ್ಮಪ್ಪನ್ನ ಉಳಿಸಲಿಲ್ಲ. ಇವತ್ತೊಂದು ಮಾತು ಹೇಳೋಕಾಗಲಿಲ್ಲವಾ ಅವಳ ಕಿವಿಯಲ್ಲಿ? ಬೆಳಗ್ಗೆಯಿಂದ ಇಲ್ಲೇ ಇದ್ದೆ ತಾನೇ? ನಾನು ಮುಖ ತಿರುಗಿಸಿಕೊಂಡು ಸುರಿದದ್ದು ನೋಡಿದೆ ತಾನೇ? ನೋಡಿದೆಯೋ ಇಲ್ಲವೋ?

ಅಲ್ಲಿಗೆ ಮಾತು ನಿಂತಿತು. ಯಾಕೆಂದರೆ ನೋಡಿದವರು ಇನ್ನಾರೂ ಇರಲಿಲ್ಲ. ಹೆಂಡತಿ ನೋಡಿರಲಿಲ್ಲ, ಬಡಗಿ ನೋಡಿರಲಿಲ್ಲ, ಲಿಫ್ಟಣ್ಣನಂಥ ಲಿಫ್ಟಣ್ಣನೇ ಕೈಚೆಲ್ಲಿದ. ಆ ಆರು ಗಂಟೆ ನಿಜ ಅನ್ನೋದಕ್ಕೆ ಲೋಕದಲ್ಲಿ ಒಂದೇ ಒಂದು ಸಾಕ್ಷಿ, ಅದೂ ಅವನು ಮೂವತ್ತು ವರ್ಷ ಮಾತು ಬಿಟ್ಟವನದ್ದು. ಈಗ ಈ ಲೋಟ ಗಂಟಲಿಗೆ ಇಳಿಸಿದರೆ ಹೆಂಡತಿ ಅಂದದ್ದು ನಿಜವಾಗುತ್ತೆ, ಮಗಳು ನಿಂತದ್ದು ಸರಿಯಾಗುತ್ತೆ. ಸುಳ್ಳುಗಾರನಾಗೋದು ಆ ಒಬ್ಬನೇ, ತನ್ನ ಪರವಾಗಿ ನಿಂತವನು. ಅವನಿದ್ದಾನೆ ಅಂತ ಹದಿನಾಲ್ಕು ತಿಂಗಳಲ್ಲಿ ಒಂದು ದಿನವೂ ಅನ್ನಿಸಿರಲಿಲ್ಲ. ಈಗ ಅನ್ನಿಸಿತು, ಅದೂ ಖುಷಿಯಿಂದಲ್ಲ, ಹೆದರಿಕೆಯಿಂದ. ಎದುರಿಗೆ ಯಾರೋ ಕೂತು ತನ್ನ ಕೈಯನ್ನೇ ನೋಡುತ್ತಿದ್ದ ಹಾಗೆ.

"ತಡಿ," ಅಂದ ಗಟ್ಟಿಯಾಗಿ. "ನನ್ನ ಕೈಲಾಗ್ತಿಲ್ಲ. ನೀನು ತಡಿ."

ಎಷ್ಟು ಹೊತ್ತು ಹಾಗೆ ನಿಂತಿದ್ದನೋ. ಮೊಣಕೈ ಸೋತು ನೋಯತೊಡಗಿದಾಗ ಲೋಟವನ್ನು ಅರಗಿನ ಜಾಡಿಗೆ ಬಗ್ಗಿಸಿದ. ಅರ್ಧ ಮೇಜಿನ ಮೇಲೇ ಚೆಲ್ಲಿತು, ದಿನವಿಡೀ ತಿಕ್ಕಿದ ಪಾಲಿಶ್ ಅಲ್ಲಲ್ಲೇ ಬೆಳ್ಳಗೆ ಕಿತ್ತು ಬಂತು. ಕಿಟಕಿ ಬಾಗಿಲು ಎಲ್ಲ ತೆಗೆದ. ರಸ್ತೆಯ ಧೂಳು ನುಗ್ಗಿ ಉಳಿದ ಮೇಜಿನ ಮೇಲೂ ಕೂತಿತು. ಬೀಗ ಹಾಕಿ, ಎರಡೂ ಬೀಗದ ಕೈಗಳನ್ನು ಪಕ್ಕದ ಗಾಜಿನಂಗಡಿಯವನ ಕೈಗೆ ಕೊಟ್ಟು, ಬಡಗಿಗೆ ತಲುಪಿಸು, ಬೆಳಗ್ಗೆ ಐದಕ್ಕೆ ಬಂದು ಮೊದಲಿಂದ ಮಾಡ್ತೀನಿ ಅಂತ ಹೇಳು ಅಂದ.

ಮನೆ ತಲುಪಿದಾಗ ಬೀದಿ ದೀಪ ಹತ್ತುತ್ತಿತ್ತು. ಬಾಗಿಲು ತೆರೆದಿತ್ತು. ಹೊಸ್ತಿಲ ಒಳಗೆ ಸೂಟ್‌ಕೇಸ್, ಅದರ ಮೇಲೆ ಮಗಳು ಬೂಟು ಹಾಕಿಕೊಂಡು ಕೂತಿದ್ದಳು. ಹೆಂಡತಿ ಪಕ್ಕದಲ್ಲಿ ನಿಂತಿದ್ದಳು. ಆಟೋ ಕರೆಯೋಕೆ ಹೊರಟವಳು ಅಲ್ಲೇ ನಿಂತುಬಿಟ್ಟಂತಿತ್ತು. ಅವನು ಹೊರಗೇ ನಿಂತ. ತಲೆಸುತ್ತು ಇಳಿದಿತ್ತು, ವಾಸನೆ ಇಳಿದಿರಲಿಲ್ಲ.

ಅವಳು ಹೊಸ್ತಿಲವರೆಗೆ ಬಂದು ಕೇಳಿದಳು. "ಈಗ ಹೇಳಿ. ದೇವರ ಮೇಲೆ ಆಣೆ ಹಾಕಿ ಹೇಳಿ."

"ಹಾಕಲ್ಲ," ಅಂದ. "ಹಾಕಿ ಹಾಕಿ ಅವನ ಮರ್ಯಾದೆ ಕಳೆದಿದ್ದೀನಿ. ನಾನು ಕುಡಿದಿಲ್ಲ. ಅಷ್ಟೇ ನನಗೆ ಗೊತ್ತಿರೋದು."

ಅವಳ ಮುಖ ಬಿಗಿಯಾಯಿತು, ಆಮೇಲೆ ಸಡಿಲವಾಯಿತು. ಹನ್ನೆರಡು ವರ್ಷ ಅಳದವಳು ಸೆರಗು ಬಾಯಿಗೆ ಒತ್ತಿಕೊಂಡಳು.

"ನನಗೆ ನಂಬಿಕೆ ಬರ್ತಿಲ್ಲ ರೀ. ಸಾಯಂಕಾಲದಿಂದ ಬೇಡ್ಕೋತಾ ಇದ್ದೀನಿ, ನಂಬೋ ಹಾಗೆ ಮಾಡಪ್ಪ ಅಂತ. ಬರ್ತಿಲ್ಲ."

ನಂಬಿಕೆ ಬಾರದೆ ಒದ್ದಾಡೋದು ಏನು ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳ ಮೇಲೆ ಒಂದಿಷ್ಟೂ ಕೋಪ ಬರಲಿಲ್ಲ. ಹೋಗೋದಾದರೆ ಹೋಗು, ನಾಳೆಯೂ ನಾನು ಕುಡಿಯಲ್ಲ, ತಡಿ ಅಂತ ಅವನನ್ನೇ ಕೇಳಿಕೊಳ್ತೀನಿ ಅಂತ ಮೆಲ್ಲಗೆ ಹೇಳಿ ಮೆಟ್ಟಿಲ ಮೇಲೆ ಕೂತ.

ಹಿಂದೆ ಅವಳು ನೆಲಕ್ಕೆ ಕೂತದ್ದು ಗೊತ್ತಾಯಿತು. ತಿರುಗಿ ನೋಡಿದ. ಮಗಳ ಕಾಲನ್ನು ಮಡಿಲಿಗೆ ಎತ್ತಿಕೊಂಡು ಒಂದೊಂದೇ ಬೂಟಿನ ಲೇಸು ಬಿಚ್ಚುತ್ತಿದ್ದಳು.

"ನಂಬಿಕೆ ಬಂದಿಲ್ಲ," ಅಂದಳು, ತಲೆ ಎತ್ತದೆ. "ಒಳಗೆ ಬನ್ನಿ."