ಕರೆಂಟು ಹೋದಾಗ ಕೂರುವ ಮೆಟ್ಟಿಲು

ಸೋಲಾರ್ ಕೂರಿಸಲು ಬಂದವನು ಮೊದಲು ಕೇಳಿದ್ದು, ಯಾವ ಯಾವ ಲೈನು ಬ್ಯಾಟರಿಗೆ ಹಾಕಬೇಕು ಎಂದು. ನಾನು ಚೀಟಿಯಲ್ಲಿ ಬರೆದೇ ಇಟ್ಟಿದ್ದೆ. ದೀಪ, ಫ್ಯಾನು, ಫ್ರಿಜ್ಜು, ಟೀವಿ ಬ್ಯಾಟರಿಗೆ. ಗೀಸರು, ನೀರಿನ ಮೋಟಾರು ಬೇಡ, ಅವು ಬ್ಯಾಟರಿಯನ್ನು ಗಳಿಗೆಯಲ್ಲಿ ಹೀರಿಬಿಡುತ್ತವೆ.

"ಎಲ್ಲಾ ನೀವೇ ಓದ್ಕೊಂಡಿದ್ದೀರಲ್ಲ ಮೇಡಂ" ಎಂದ.

ಓದಿಕೊಂಡಿದ್ದೆ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಕಂಪಲಾಪುರದ ಪಕ್ಕದ ಊರಿನಲ್ಲಿ ಅಪ್ಪ ಅವರಿವರ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಒಲೆಗೆ ಬೆಂಕಿ ಹಾಕುವ ಕೂಲಿಗೆ ಹೋಗುತ್ತಿದ್ದರು. ಸೊಪ್ಪು ಬೇಯಿಸುವ ದಿನಗಳಲ್ಲಿ ಆ ಒಲೆಯ ಬಾಯಿಯ ಮುಂದೆ ಕೂತು ಓದಿದವಳು ನಾನು. ಒಂದು ಕೆನ್ನೆ ಸುಡುತ್ತಿತ್ತು, ಇನ್ನೊಂದು ತಣ್ಣಗಿರುತ್ತಿತ್ತು. ಹುಣಸೂರಿನಲ್ಲಿ ಸ್ವಂತ ಮನೆ ಕಟ್ಟಿದಾಗ ಇಲ್ಲಿ ಕತ್ತಲೆ ಇರಕೂಡದು ಎಂದು ತೀರ್ಮಾನ ಮಾಡಿದ್ದೆ.

ಹಗಲು ತಾರಸಿಯ ಪ್ಯಾನೆಲ್ಲಿನಿಂದ ಬಂದದ್ದನ್ನು ಮನೆ ಮೊದಲು ಬಳಸುತ್ತದೆ. ಮಿಕ್ಕದ್ದು ಬ್ಯಾಟರಿಗೆ. ಬ್ಯಾಟರಿ ತುಂಬಿದ ಮೇಲೂ ಮಿಕ್ಕರೆ ಬೀದಿಯ ಲೈನಿಗೆ. ಕರೆಂಟು ಹೋದರೆ ಬ್ಯಾಟರಿ ತಾನಾಗಿ ವಹಿಸಿಕೊಳ್ಳುತ್ತದೆ, ದೀಪ ಒಮ್ಮೆ ಮಿಣುಕುವುದೂ ಇಲ್ಲ. ನಾನಿರುವುದು ಒಬ್ಬಳೇ. ಪಕ್ಕದ ಕೋಟೆ ತಾಲ್ಲೂಕಿನ ಸರ್ಕಾರಿ ಆಫೀಸಿಗೆಂದು ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೇ ಬರುವುದು. ಬ್ಯಾಟರಿಯಲ್ಲಿ ಅರ್ಧ ಕೂಡ ಖರ್ಚಾಗುತ್ತಿರಲಿಲ್ಲ.

ಅದು ಬರುವ ಮೊದಲು, ಸಂಜೆ ಕರೆಂಟು ಹೋದರೆ ಎದುರು ಮನೆಯ ಮೆಟ್ಟಿಲ ಮೇಲೆ ನಾವು ಮೂವರು ಸೇರುತ್ತಿದ್ದೆವು. ಎದುರು ಮನೆಯಾಕೆ ಬಟ್ಟೆ ಹೊಲಿಯುತ್ತಾಳೆ. ಅವಳ ಗಂಡನದು ಬಸ್‌ಸ್ಟ್ಯಾಂಡಿನ ಹಿಂದೆ ಮೋಟಾರು ವೈಂಡಿಂಗ್ ಅಂಗಡಿ. ಬೀದಿಯ ಕೊನೆಯಿಂದ ಹಸು ಸಾಕಿರುವ ಹಾಲಿನಾಕೆ ಬರುತ್ತಿದ್ದಳು. ಹಗಲಲ್ಲಿ ಅವರಿಬ್ಬರಿಗೂ ನಾನು ಮೇಡಂ. ಆ ಕತ್ತಲಲ್ಲಿ ಮಾತ್ರ ಅಕ್ಕ ಎನ್ನುತ್ತಿದ್ದರು. ಅದನ್ನು ನಾನು ಆಗ ಗಮನಿಸಿರಲೇ ಇಲ್ಲ.

ಬ್ಯಾಟರಿ ಬಂದ ಮೇಲೆ, ಕರೆಂಟು ಹೋಗಿದೆ ಎಂದು ನನಗೆ ತಿಳಿಯುತ್ತಿದ್ದುದು ಹೊರಗಿನ ಅವರ ನಗುವಿನಿಂದ. ಮೊದಲ ಸಲ ಟೀವಿ ಆರಿಸಿ ಎದ್ದು ಹೋದೆ. ನನ್ನ ಕಿಟಕಿಯ ಬೆಳಕು ರಸ್ತೆ ದಾಟಿ ಅವರ ಕಾಲ ಮೇಲೆ ಬಿದ್ದಿತ್ತು.

"ನೀವ್ಯಾಕ್ ಬಂದ್ರಿ ಮೇಡಂ?" ಎಂದಳು ಹಾಲಿನಾಕೆ. "ನಿಮ್ಮನೇಲಿ ಫ್ಯಾನ್ ತಿರುಗ್ತಾದೆ. ಸೊಳ್ಳೆ ಕೈಲಿ ಕಚ್ಚಿಸ್ಕಳಕ್ಕೆ ನಾವಿಲ್ವಾ?"

"ಸರ್ಕಾರಿ ರಕ್ತ ಸೊಳ್ಳೆಗೆ ದಕ್ಕಲ್ಲ ಬಿಡು" ಎಂದಳು ಎದುರು ಮನೆಯಾಕೆ.

ಇಬ್ಬರೂ ನಕ್ಕರು, ನಾನೂ ನಕ್ಕೆ. ಆದರೆ ಯಾರೂ ಸರಿದು ಜಾಗ ಕೊಡಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಸುಳ್ಳು ಹೇಳಿ ಒಳಗೆ ಬಂದೆ.

ಮುಂದಿನ ಸಲ ಅವರ ಬಾಗಿಲಿನ ಸದ್ದು ಕೇಳಿದ ಕೂಡಲೇ ಬ್ಯಾಟರಿಯ ಪಕ್ಕದ ಬ್ರೇಕರ್ ಸ್ವಿಚ್ಚನ್ನು ಕೆಳಗೆ ಎಳೆದೆ. ಮನೆ ಕಪ್ಪಾಯಿತು. ತಡಕಾಡಿಕೊಂಡು ಹೊರಗೆ ಬಂದೆ.

"ಅಯ್ಯೋ, ನಿಮ್ದೂ ಓಯ್ತಾ ಅಕ್ಕಾ?" ಎಂದಳು ಹಾಲಿನಾಕೆ.

"ಬ್ಯಾಟರಿ ಕೆಟ್ಟಿದೆ."

"ಎಂಥಾದ್ ತಂದ್ರೂ ಅಷ್ಟೇ ಬುಡಿ. ಬನ್ನಿ, ಕುಂತ್ಕಳಿ."

ಸರಿದು ಕೂತರು. ಅಂಗೈಗೆ ಹುರಿದ ಕಡಲೆಕಾಯಿ ಬಿತ್ತು. ಹಾಲಿನಾಕೆಯ ಮೊಣಕೈ ನನ್ನ ಪಕ್ಕೆಗೆ ತಾಗಿಕೊಂಡೇ ಇತ್ತು. ಆ ವಾರ ಮೂರು ಸಲ ಹಾಗೆ ಕೂತೆ. ಬೀದಿಗೆ ಕರೆಂಟು ಬಂದ ಮೇಲೆ ಒಳಗೆ ಹೋಗಿ ಬ್ರೇಕರನ್ನು ಮೇಲೆ ಮಾಡುತ್ತಿದ್ದೆ.

ಭಾನುವಾರ ಬೆಳಿಗ್ಗೆ ಎದುರು ಮನೆಯಾಕೆಯ ಗಂಡ ಟೆಸ್ಟರ್ ಹಿಡಿದು ಬಾಗಿಲು ತಟ್ಟಿದರು. ಒಬ್ಬರೇ ಇದ್ದಾರೆ, ಬ್ಯಾಟರಿ ನೋಡಿಕೊಟ್ಟು ಬನ್ನಿ ಎಂದು ಹೆಂಡತಿ ಕಳಿಸಿದ್ದಳಂತೆ. ನಾನು ಓಡಿಹೋಗಿ ಬ್ರೇಕರನ್ನು ಕೆಳಗೆ ಎಳೆದು, ಆಮೇಲೆ ಅವರನ್ನು ಒಳಗೆ ಕರೆದೆ.

ಅವರು ಏನನ್ನೂ ಮುಟ್ಟದೆ ನೋಡಿದರು. ಬ್ಯಾಟರಿಯ ಮೇಲಿನ ಹಸಿರು ದೀಪಗಳೆಲ್ಲ ಉರಿಯುತ್ತಿದ್ದವು.

"ಇದು ತುಂಬಿದೆ ಮೇಡಂ. ಈ ಬ್ರೇಕರೂ ತಾನಾಗಿ ಬಿದ್ದದ್ದಲ್ಲ. ಲೋಡ್ ಜಾಸ್ತಿಯಾಗಿ ಬಿದ್ರೆ ನಡುವೆ ನಿಂತ್ಕೊಳ್ಳುತ್ತೆ. ಪೂರ್ತಿ ಕೆಳಗಿದೆ ಅಂದ್ರೆ ಯಾರೋ ಕೈಯಲ್ಲಿ ಎಳೆದಿದ್ದಾರೆ."

ಬಿ.ಎಸ್ಸಿ. ಓದಿದ ನನಗೆ ಅದು ಗೊತ್ತಿರಲಿಲ್ಲ.

"ನಾನೇ ಎಳೆದೆ."

"ಯಾಕೆ?"

ಒಬ್ಬಳೇ ಕೂರಲು ಆಗುವುದಿಲ್ಲ ಎನ್ನಬೇಕಿತ್ತು, ಅಷ್ಟೇ. "ಚಾರ್ಜ್ ಉಳಿಸೋಣ ಅಂತ" ಎಂದೆ.

"ಉಳಿಸಿ ಏನ್ಮಾಡ್ತೀರಾ? ಬೆಳಿಗ್ಗೆ ಮತ್ತೆ ಬಿಸಿಲು ಬರುತ್ತಲ್ಲ!" ಜೋರಾಗಿ ನಕ್ಕು ಬ್ರೇಕರನ್ನು ಮೇಲೆ ಮಾಡಿದರು. ಟೀ ಬೇಡವೆಂದರು. ರಸ್ತೆಗೆ ಇಳಿದು ಬೀದಿಗೆಲ್ಲ ಕೇಳುವಂತೆ ಕೂಗಿದರು: "ಮೇಡಂ ಬ್ಯಾಟರಿ ಸರಿಹೋಯ್ತು!" ಎದುರು ಬಾಗಿಲಿನಿಂದ ಅವರ ಹೆಂಡತಿ ಖುಷಿಯಿಂದ ನನ್ನತ್ತ ಕೈ ಬೀಸಿದಳು.

ಮರುದಿನ ಸಂಜೆ ಕರೆಂಟು ಹೋಯಿತು. ಆಫೀಸಿನಲ್ಲಿ ಸಾಹೇಬರ ಮುಖಕ್ಕೇ ನ್ಯಾಯ ಮಾತಾಡುವವಳು ನಾನು. ಮನೆಯಲ್ಲಿ ಬೆಳಕಿದ್ದರೂ ಅಲ್ಲಿ ನನಗೊಂದು ಜಾಗ ಬೇಕು ಎಂದು ಇವತ್ತು ಹೇಳಿಯೇಬಿಡುವುದೆಂದು ಚಪ್ಪಲಿ ಮೆಟ್ಟಿ ಬಾಗಿಲು ತೆಗೆದೆ. ಅವರಿಬ್ಬರೂ ನನ್ನ ಬಾಗಿಲಲ್ಲೇ ನಿಂತಿದ್ದರು. ನನ್ನನ್ನು ಕರೆಯಲೇ ಬಂದಿದ್ದಾರೆ ಎಂದುಕೊಂಡೆ.

"ಮೇಡಂ, ಒಂಚೂರು ಚಾರ್ಜಿಗೆ ಹಾಕ್ತೀರಾ?"

ಎರಡು ಫೋನುಗಳು ನನ್ನ ಕೈಗೆ ಬಂದವು. "ದ್ಯಾವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ" ಎಂದು ಹಾಲಿನಾಕೆ ಮೆಟ್ಟಿಲ ಕಡೆ ಹೊರಟಳು, ಇನ್ನೊಬ್ಬಳು ಅವಳ ಹಿಂದೆ.

ಫೋನುಗಳನ್ನು ಚಾರ್ಜಿಗೆ ಹಾಕಿ ಅವುಗಳ ಮುಂದೆ ಕೂತೆ. ಹಾಲಿನಾಕೆಯದು ಹನ್ನೆರಡು ಪರ್ಸೆಂಟು, ಎದುರು ಮನೆಯಾಕೆಯದು ಒಂಬತ್ತು. ಹೊರಗೆ ಏನಕ್ಕೋ ಗೊಳ್ಳೆಂದು ನಕ್ಕರು. ಹಾಲಿನಾಕೆಯದು ಮೂವತ್ತಕ್ಕೆ ಬಂದಾಗ ಕಿತ್ತುಕೊಂಡು ಎದುರಿನ ಮೆಟ್ಟಿಲಿಗೆ ಹೊರಟೆ.

"ಇಷ್ಟ್ ಬೇಗ ಆಯ್ತಾ ಮೇಡಂ?"

"ಆಯ್ತು."

ನಿಂತೆ. ಬೆಳಕು ಅವರ ಕಾಲ ಮೇಲೆ ಬೀಳದ ಹಾಗೆ ಅಡ್ಡ ನಿಂತೆ. ನನಗೂ ಜಾಗ ಬಿಡಿ ಎನ್ನಲು ಬಾಯಿ ತೆರೆದೆ. "ಇವ್ರದೂ ಆದ್ಮೇಲೆ ತಂದ್ಕೊಡಿ" ಎಂದಳು ಹಾಲಿನಾಕೆ. ಆಗಲಿ ಎಂದು ಒಳಗೆ ಬಂದೆ.

ಎರಡನೆಯದು ಇನ್ನೂ ಇಪ್ಪತ್ತೆಂಟೇ ಆಗಿತ್ತು. ತುಂಬುವ ತನಕ ಕಾಯಲಿಲ್ಲ, ಅದನ್ನೂ ಕಿತ್ತುಕೊಂಡು ಎದ್ದೆ. ಅಷ್ಟರಲ್ಲಿ ಕರೆಂಟು ಬಂದರೆ ಇಬ್ಬರೂ ಎದ್ದು ಹೋಗಿಬಿಡುತ್ತಾರೆ.