ಕೋಲಕ್ಕ ಬರೆದ ಪುಟ

ಕೋಲಕ್ಕ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ತುದಿಗೆ ಮರದ ಪುಟ್ಟ ವಿಮಾನ ಸಿಕ್ಕಿಸಿದ ಮೊಳದುದ್ದದ ಕೋಲೊಂದು ಸದಾ ಅವಳ ಕೈಯಲ್ಲಿರುತ್ತಿದ್ದುದರಿಂದ ವಿದ್ಯಾರ್ಥಿಗಳು ಕಟ್ಟಿದ ಹೆಸರು. ವಾಯುಪಡೆಯ ತರಬೇತಿ ನೆಲೆಯಲ್ಲಿ ಹೊಸ ಪೈಲಟ್‌ಗಳಿಗೆ ಹಾರುವುದನ್ನು ಕಲಿಸುವುದು ಅವಳ ಕೆಲಸ. ಮೇಲೆ ಹೋಗುವ ಮೊದಲು ಕೋಲು ತಿರುಗಿಸಿ, ವಿಮಾನ ಹೇಗೆ ಬಾಗುತ್ತದೆ, ಹೇಗೆ ಇಳಿಯುತ್ತದೆ ಎಂದು ನೆಲದ ಮೇಲೇ ತೋರಿಸುತ್ತಿದ್ದಳು. ತಪ್ಪು ಮಾಡಿದವರ ಹೆಲ್ಮೆಟ್ಟಿನ ಮೇಲೆ ಅದೇ ಕೋಲಿನಿಂದ ಟಕ್ಕೆಂದು ಬಡಿಯುತ್ತಿದ್ದಳು. ನೋವಾಗುತ್ತಿರಲಿಲ್ಲ, ಮಾನ ಮಾತ್ರ ಹೋಗುತ್ತಿತ್ತು.

ಮದುವೆ ಯಾಕಾಗಲಿಲ್ಲ ಎಂದು ಕೇಳುವವರು ಇದ್ದೇ ಇರುತ್ತಾರೆ. ಎರಡು ವರ್ಷಕ್ಕೊಮ್ಮೆ ಊರು ಬದಲಿಸುವವಳ ಹಿಂದೆ ಬರುವ ಗಂಡು ಸಿಗಲಿಲ್ಲ, ಸಿಕ್ಕಿದ ಒಬ್ಬ ಇವಳಿಗೆ ಹಿಡಿಸಲಿಲ್ಲ, ಅಷ್ಟೇ ಕಥೆ. ಅವಳ ಜೊತೆಗಿದ್ದದ್ದು ಅಪ್ಪ. ಅವರು ಮೂವತ್ತು ವರ್ಷ ಕಾರು ಓಡಿಸುವುದನ್ನು ಕಲಿಸಿದವರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಆ ಕಡೆಗೂ ಒಂದು ಬ್ರೇಕ್ ಇರುವ ಕಾರಿನಲ್ಲಿ, ಪ್ರಾಣ ಕೈಯಲ್ಲಿ ಹಿಡಿದುಕೊಂಡು ಸಂಸಾರ ಸಾಗಿಸಿದವರು. ಆ ಬ್ರೇಕನ್ನು ತುಳಿದು ತುಳಿದೇ ಅವರ ಬಲ ಮಂಡಿ ಸವೆದಿತ್ತು. ನೆಲೆಯವರು ಕೊಟ್ಟಿದ್ದ ಮನೆಯೋ ಮೂರನೇ ಮಹಡಿಯಲ್ಲಿ, ಐವತ್ತನಾಲ್ಕು ಮೆಟ್ಟಿಲು, ಲಿಫ್ಟಿಲ್ಲ. ಅಪ್ಪ ಕೆಳಗಿಳಿಯದೆ ತಿಂಗಳುಗಳೇ ಕಳೆದಿದ್ದವು. ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, ಬೀದಿಯಲ್ಲಿ ಹೋಗುವ ಗಾಡಿಗಳ ಡ್ರೈವರುಗಳನ್ನು ಬೈಯುತ್ತ ದಿನ ದೂಡುತ್ತಿದ್ದರು.

ಆ ವರ್ಷ ಕೋಲಕ್ಕನ ಕೈಗೆ ಹಣ ಬರುವುದಿತ್ತು. ವಾಯುಪಡೆಯ ಪೈಲಟ್‌ಗಳನ್ನು ಖಾಸಗಿ ವಿಮಾನ ಕಂಪನಿಗಳು ಮೂರು ಪಟ್ಟು ಸಂಬಳ ತೋರಿಸಿ ಸೆಳೆಯುತ್ತಿದ್ದ ಕಾಲ ಅದು. ಹನ್ನೆರಡು ಶಿಕ್ಷಕರು ಇರಬೇಕಾದ ನೆಲೆಯಲ್ಲಿ ಐವರು ಉಳಿದಿದ್ದರು. ಹೋದವರ ಖಾಲಿ ಬೀರುಗಳಲ್ಲಿ ವಿದ್ಯಾರ್ಥಿಗಳು ಕಾಲುಚೀಲ ಒಣಗಿಸುತ್ತಿದ್ದರು. ಇದ್ದವರನ್ನಾದರೂ ಹಿಡಿದಿಟ್ಟುಕೊಳ್ಳೋಣ ಎಂದು ಸರಕಾರ ಒಂದು ಯೋಜನೆ ತಂದಿತು. ಇನ್ನೂ ಆರು ವರ್ಷ ಇರುತ್ತೇನೆ ಎಂದು ಬರೆದುಕೊಟ್ಟವರಿಗೆ ದೊಡ್ಡ ಗಂಟು. ಕಾಗದದ ಮೇಲೆ ಅದರ ಹೆಸರು ಉಳಿಕೆ ಭತ್ಯೆ. ನೆಲೆಯಲ್ಲಿ ಎಲ್ಲರೂ ಅದನ್ನು ಗೂಟದ ಹಣ ಎನ್ನುತ್ತಿದ್ದರು. ಷರತ್ತು ಒಂದೇ: ಮೂರು ವರ್ಷದ ದಾಖಲೆಯಲ್ಲಿ ಕಪ್ಪು ಚುಕ್ಕೆ ಇರಕೂಡದು. ಕೋಲಕ್ಕನ ದಾಖಲೆಯಲ್ಲಿ ಇಪ್ಪತ್ತು ವರ್ಷದಿಂದಲೂ ಇರಲಿಲ್ಲ. ಆ ಹಣದಲ್ಲಿ ಮೆಟ್ಟಿಲೇ ಇಲ್ಲದ ಮನೆ ಕೊಳ್ಳಬೇಕೆಂದು ಅವಳು ಆಗಲೇ ಒಂದನ್ನು ನೋಡಿಟ್ಟಿದ್ದಳು. ಅಂಗಳದಲ್ಲಿ ಕಾರು ನಿಲ್ಲಿಸುವಷ್ಟು ಜಾಗವಿದೆ ಎಂದು ಕೇಳಿ ಅಪ್ಪ, ತಮ್ಮ ಬಳಿ ಕಾರೇ ಇಲ್ಲದಿದ್ದರೂ, ಮಗುವಿನ ಹಾಗೆ ಹಿಗ್ಗಿದ್ದರು.

ಇನ್ನು ಅವಳು ಕಲಿಸುತ್ತಿದ್ದ ರೀತಿ. ತರಬೇತಿ ವಿಮಾನದಲ್ಲಿ ವಿದ್ಯಾರ್ಥಿ ಮುಂದೆ, ಶಿಕ್ಷಕಿ ಹಿಂದೆ. ಇಬ್ಬರಿಗೂ ವಿಮಾನವನ್ನು ಬಾಗಿಸುವ, ಎತ್ತುವ, ಇಳಿಸುವ ಒಂದೊಂದು ಸ್ಟಿಕ್. ಒಂದನ್ನು ಅಲುಗಿಸಿದರೆ ಇನ್ನೊಂದೂ ಅಲುಗುತ್ತದೆ. ಹಾಗಾಗಿ ವಿಮಾನ ಯಾರ ಕೈಯಲ್ಲಿದೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಕೊಡುವವರು "ನಿನ್ನ ಕೈಗೆ" ಎನ್ನಬೇಕು, ತೆಗೆದುಕೊಳ್ಳುವವರು "ನನ್ನ ಕೈಗೆ" ಎನ್ನಬೇಕು, ಕೊಟ್ಟವರು ಮತ್ತೊಮ್ಮೆ "ನಿನ್ನ ಕೈಗೆ" ಎಂದು ಎರಡೂ ಕೈಗಳನ್ನು ಮೇಲೆತ್ತಬೇಕು. ಮುಂದಿನವನ ತಲೆಯ ಮೇಲೊಂದು ಪುಟ್ಟ ಕನ್ನಡಿ ಇರುತ್ತದೆ, ಅದರಲ್ಲಿ ಒಬ್ಬರ ಕೈ ಇನ್ನೊಬ್ಬರಿಗೆ ಕಾಣುತ್ತದೆ. ಈ ಮೂರು ಮಾತನ್ನು ಅವಳು ವಿದ್ಯಾರ್ಥಿಗಳಿಂದ ಟೀ ಲೋಟ ದಾಟಿಸುವಾಗಲೂ ಹೇಳಿಸುತ್ತಿದ್ದಳು. ಹೇಳದೆ ಲೋಟ ಹಿಡಿದವನಿಗೆ ಅವತ್ತು ಟೀ ಇಲ್ಲ.

ಅಂಥವಳೇ ತಪ್ಪಿದಳು.

ಅದು ಆ ದಿನದ ನಾಲ್ಕನೇ ಹಾರಾಟ. ನಿಯಮದ ಪ್ರಕಾರ ಒಬ್ಬ ಶಿಕ್ಷಕರಿಗೆ ದಿನಕ್ಕೆ ಮೂರೇ. ಆದರೆ ವರ್ಷಕ್ಕೆ ನಲವತ್ತು ಪೈಲಟ್‌ಗಳನ್ನು ತಯಾರು ಮಾಡಿ ಕಳಿಸಿ ಎಂದು ಮೇಲಿನಿಂದ ಆಜ್ಞೆ ಬಂದ ಮೇಲೆ ಆ ನಿಯಮ ಗೋಡೆಯ ಮೇಲಿನ ಚೌಕಟ್ಟಿನಲ್ಲಿ ಮಾತ್ರ ಉಳಿದಿತ್ತು. ಮುಂದೆ ಕೂತಿದ್ದವನು ಇಪ್ಪತ್ತೆರಡರ ಹುಡುಗ. ಸಣ್ಣ ಸದ್ದಿಗೂ ಬೆಚ್ಚುತ್ತಿದ್ದುದರಿಂದ ಅವನನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಅವನ ಹಾಳೆಯಲ್ಲಿ ಆಗಲೇ ತಪ್ಪಿಗೆ ಹಾಕುವ ಎರಡು ಕೆಂಪು ಗುರುತು ಬಿದ್ದಿದ್ದವು. ಮೂರನೆಯದು ಬಿದ್ದರೆ ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಹೋಗುವುದೇ.

ಇಳಿಯಲು ರನ್‌ವೇಗೆ ನೇರವಾಗಿ ಬರುತ್ತಿದ್ದರು. ಅಡ್ಡಗಾಳಿಗೆ ಎಡ ರೆಕ್ಕೆ ತುಸು ವಾಲಿತು. ದಣಿದಿದ್ದ ಕೋಲಕ್ಕ ಬಾಯಿ ಬಿಡದೆ ಎರಡು ಬೆರಳಿನಿಂದ ಸ್ಟಿಕ್ಕನ್ನು ಸರಿಸಿ, ಬಿಟ್ಟು, ಎಂದಿನಂತೆ ಎರಡೂ ಕೈ ಮೇಲೆತ್ತಿ ಕೂತಳು. ತನ್ನ ಕೈಯೊಳಗೆ ಸ್ಟಿಕ್ ತಾನೇ ಅಲುಗಿದ್ದನ್ನು ಕಂಡ ಗುಬ್ಬಿ, ಮೇಡಂ ತೆಗೆದುಕೊಂಡರು ಎಂದುಕೊಂಡ. ರನ್‌ವೇ ಮೇಲಿನ ಕಣ್ಣು ಕೀಳದೆ, ಕಲಿಸಿದ ಹಾಗೆ, ತಾನೂ ಎರಡು ಕೈ ಮೇಲೆತ್ತಿದ. ರೆಕ್ಕೆ ಮತ್ತೆ ವಾಲಿತು. ಹುಡುಗ ತಾನೇ ಸರಿಪಡಿಸಿಕೊಳ್ಳಲಿ ಎಂದು ಅವಳು ಕಾದಳು. ಒಳ್ಳೆಯ ಶಿಕ್ಷಕರು ಹಾಗೇ ಕಾಯುತ್ತಾರೆ. ಮೇಡಂ ಏನೋ ತೋರಿಸುತ್ತಿದ್ದಾರೆ ಎಂದು ಅವನೂ ಕಾದ. ಒಳ್ಳೆಯ ವಿದ್ಯಾರ್ಥಿಗಳು ಹಾಗೇ ಕಾಯುತ್ತಾರೆ. ಇನ್ನೂ ಯಾಕೆ ಸುಮ್ಮನಿದ್ದಾನೆ ಎಂದು ಅವಳು ಕನ್ನಡಿ ನೋಡಿದಾಗ ಅದರಲ್ಲಿ ಕಂಡದ್ದು ನಾಲ್ಕು ಕೈಗಳು. ನಾಲ್ಕೂ ಮೇಲೆ.

"ನನ್ನ ಕೈಗೆ!" ಎಂದು ಕಿರುಚಿ ಸ್ಟಿಕ್ ಹಿಡಿದು, ಎಂಜಿನ್ನಿನ ಪೂರಾ ಬಲ ಹಾಕಿ ವಿಮಾನವನ್ನು ಮೇಲಕ್ಕೆತ್ತಿದಳು. ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಹೆಂಗಸಿನ ಮುಖ ಅವಳಿಗೆ ಸ್ಪಷ್ಟವಾಗಿ ಕಂಡಿತು. ಇನ್ನೊಂದು ಸುತ್ತು ಹಾಕಿ ಇಳಿಸಿದಳು.

"ಆರು ಸೆಕೆಂಡು ವಿಮಾನ ಯಾರ ಕೈಲೂ ಇರ್ಲಿಲ್ಲ," ಎಂದಳು.

"ಮೇಡಂ, ತಪ್ಪು ನಂದೇ ಅಲ್ವಾ?" ಎಂದ ಗುಬ್ಬಿ.

"ಬಾಯ್ಮುಚ್ಚೋ. ನಾನು ಹೇಳ್ಕೊಟ್ಟ ಹಾಗೇ ಮಾಡಿದೀಯ."

ಇಂಥದ್ದೇನಾದರೂ ನಡೆದರೆ ಬರೆದಿಡಬೇಕಾದ ಹಸಿರು ರಟ್ಟಿನ ಪುಸ್ತಕವೊಂದು ಶಿಕ್ಷಕರ ಕೋಣೆಯಲ್ಲಿ, ಟೀ ಫ್ಲಾಸ್ಕಿನ ಪಕ್ಕದಲ್ಲಿತ್ತು. ಎರಡು ವರ್ಷದಿಂದ ಅದರಲ್ಲಿ ಯಾರೂ ಒಂದಕ್ಷರ ಬರೆದಿರಲಿಲ್ಲ. ಆ ಖಾಲಿ ಪುಟಗಳಿಗಾಗಿಯೇ ನೆಲೆಗೆ ಹಿತ್ತಾಳೆಯ ಫಲಕವೊಂದು ಬಹುಮಾನ ಬಂದು ಕಮಾಂಡರರ ಗಾಜಿನ ಕಪಾಟಿನಲ್ಲಿ ಮಿಂಚುತ್ತಿತ್ತು. ಕೋಲಕ್ಕ ಪುಸ್ತಕ ತೆರೆಯುವ ಮೊದಲೇ ಕಮಾಂಡರರಿಂದ ಕರೆ ಬಂತು.

ಅವರು ಕೆಟ್ಟವರೇನಲ್ಲ. ಒಂದು ಕಾಲಕ್ಕೆ ಹಾರಾಟದಲ್ಲಿ ಎತ್ತಿದ ಕೈ. ಈಗ ಬರೀ ಲೆಕ್ಕ ಒಪ್ಪಿಸುವ ಕೆಲಸ ಕುತ್ತಿಗೆಗೆ ಬಿದ್ದಿತ್ತು.

"ನೋಡಿ, ಯಾರಿಗೂ ಏನೂ ಆಗಿಲ್ಲ. ಹುಡುಗನ ಗಮನ ತಪ್ಪಿತು ಅಂತ ಅವನ ಹಾಳೇಲಿ ಒಂದು ಸಾಲು ಬರೀರಿ, ಮುಗೀತು."

"ಅವನು ಮನೆಗೆ ಹೋಗ್ತಾನೆ ಸರ್."

"ಹೋಗ್ಲಿ ಬಿಡಿ, ಹೇಗೂ ಅವನು ಅಂಥ ಜಾಣನೇನಲ್ಲ. ಪುಸ್ತಕದಲ್ಲಿ ನಿಮ್ಮ ಹೆಸರು ಬಂದ್ರೆ ಭತ್ಯೆ ಹೋಯ್ತು. ನಾಳಿದ್ದು ಸಹಿ ಹಾಕೋ ಕೊನೇ ದಿನ. ಹಾವೂ ಸಾಯಬಾರದು, ಕೋಲೂ ಮುರೀಬಾರದು, ಹಾಗೆ ಮಾಡೋಣ."

"ಕೋಲು ಮುರಿದ್ರೆ ಮುರೀಲಿ ಸರ್. ನಾಲ್ಕು ಹಾರಾಟ ಅನ್ನೋ ಆ ಹಾವು ಮಾತ್ರ ಸಾಯ್ಲೇಬೇಕು."

"ತಪ್ಪು ಎಲ್ಲರೂ ಮಾಡ್ತಾರೆ ಕಣ್ರೀ!"

"ಅದಕ್ಕೇ ಪುಸ್ತಕ ಇಟ್ಟಿರೋದು."

ಹೇಳುವುದು ಸುಲಭ. ಮನೆಯ ಮೆಟ್ಟಿಲು ಹತ್ತುವಾಗ ಅವಳ ಕಾಲಿಗೆ ಕಲ್ಲು ಕಟ್ಟಿದಂತಾಗಿತ್ತು. ಇಪ್ಪತ್ತನೇ ಮೆಟ್ಟಿಲಲ್ಲಿ ಇರುವಾಗ ತಮ್ಮನ ಫೋನು. ಅವನೂ ಇದೇ ನೆಲೆಯಲ್ಲಿ ಕಲಿಸುತ್ತಿದ್ದವನು, ಮೂರು ವರ್ಷದ ಹಿಂದೆ ಕಂಪನಿ ಸೇರಿದ್ದ. ಸುದ್ದಿ ಅವನ ಕಿವಿಗೂ ಬಿದ್ದಿತ್ತು.

"ಅಕ್ಕ, ನಿಂಗೆ ತಲೆ ಕೆಟ್ಟಿದ್ಯಾ? ಬರೆದ್ರೆ ಭತ್ಯೆ ಒಂದೇ ಅಲ್ಲ, ಕಂಪನಿ ಬಾಗಿಲೂ ಮುಚ್ಚತ್ತೆ. ಇಲ್ಲೂ ದಾಖಲೆ ಕೇಳ್ತಾರೆ. ಅಲ್ಲೂ ಇಲ್ಲ, ಇಲ್ಲೂ ಇಲ್ಲ ಅಂತಾಗ್ತೀಯ."

"ನಾಲ್ಕು ಕೈಯೂ ಮೇಲಿತ್ತು ಕಣೋ."

ಅವನು ದನಿ ತಗ್ಗಿಸಿದ. "ನಂಗೂ ಒಂದ್ಸಲ ಹಾಗೇ ಆಗಿತ್ತು. ಅದೇ ರನ್‌ವೇ. ನಾನು ಬರೀಲಿಲ್ಲ. ಏನೂ ಆಗ್ಲಿಲ್ವಲ್ಲ."

"ಏನೂ ಆಗ್ಲಿಲ್ವಾ? ನೀನು ಬರೆದಿದ್ರೆ ನಾನು ಓದಿರ್ತಿದ್ದೆ ಕಣೋ, ಮುಠ್ಠಾಳ! ಮುಟ್ಟಿದ್ರೂ ಬಾಯಿ ಬಿಡಬೇಕು ಅಂತ ಇವತ್ತು ನನ್ನ ತಲೇಲಿ ಇರ್ತಿತ್ತು!" ಎಂದು ಕೂಗಿ ಫೋನಿಟ್ಟಳು. ಮೆಟ್ಟಿಲ ಪಕ್ಕದ ಮನೆಯವರು ಬಾಗಿಲು ತೆರೆದು ನೋಡಿ ಮುಚ್ಚಿಕೊಂಡರು. ತಮ್ಮನ ಮೇಲೆ ಅವಳಿಗೆ ಪ್ರಾಣ. ಅವತ್ತು ಮಾತ್ರ ಸಿಕ್ಕಿದ್ದರೆ ಕೋಲು ಅವನ ಹೆಲ್ಮೆಟ್ಟಿಲ್ಲದ ತಲೆಯ ಮೇಲೇ ಮುರಿಯುತ್ತಿತ್ತು.

ಅಪ್ಪನಿಗೆ ಎಲ್ಲವನ್ನೂ ಹೇಳಿದಳು. ಮನೆ ಕೈತಪ್ಪುತ್ತದೆ ಎಂಬುದನ್ನು ಕೊನೆಗೆ ಹೇಳಿದಳು, ಧ್ವನಿ ಸಣ್ಣಗೆ ಮಾಡಿಕೊಂಡು. ಅಪ್ಪ ಮಂಡಿ ನೀವಿಕೊಂಡರು. ಅಂಗಳದ ಆಸೆ ಅವರ ಮುಖದಲ್ಲಿ ಒಮ್ಮೆ ಬಂದು ಹೋದದ್ದು ಅವಳಿಗೆ ಕಾಣದೆ ಇರಲಿಲ್ಲ.

"ಮೆಟ್ಟಿಲು ಹತ್ತೋಕೆ ಕಷ್ಟ, ನಿಜ," ಎಂದರು. "ಮಂಡಿ ನಂದು, ನೋವೂ ನಂದು. ಅದಕ್ಕೆ ಆ ಹುಡುಗನ ಕುತ್ತಿಗೆ ಯಾಕಮ್ಮಾ ಕುಯ್ಯಬೇಕು?" ಆಮೇಲೆ ಬೀದಿಯತ್ತ ತಿರುಗಿ, ಇಂಡಿಕೇಟರ್ ಹಾಕದೆ ತಿರುಗಿದವನೊಬ್ಬನನ್ನು ಎಂದಿಗಿಂತ ಜೋರಾಗಿ ಬೈದರು.

ಬೆಳಿಗ್ಗೆ ಎಲ್ಲ ಶಿಕ್ಷಕರೂ ಟೀ ಕುಡಿಯುತ್ತಿದ್ದಾಗ ಅವಳು ಹಸಿರು ಪುಸ್ತಕ ತೆರೆದು ನಿಂತೇ ಬರೆದಳು. ನಡೆದದ್ದನ್ನು ಬರೆದಳು, ಬಾಯಿಬಿಡದೆ ಸ್ಟಿಕ್ ಮುಟ್ಟಿದವಳು ತಾನೇ ಎಂದು ಬರೆದಳು. ಕೊನೆಗೆ ಹೀಗೆ ಸೇರಿಸಿದಳು: "ಇದು ಆ ದಿನದ ನನ್ನ ನಾಲ್ಕನೇ ಹಾರಾಟ. ಈ ತಿಂಗಳಲ್ಲಿ ಹನ್ನೊಂದು ದಿನ ನಾಲ್ಕು ಬಾರಿ ಹಾರಿದ್ದೇನೆ. ತಪ್ಪು ನನ್ನೊಬ್ಬಳದು. ದಣಿವು ನನ್ನೊಬ್ಬಳದಲ್ಲ."

ಕಮಾಂಡರರು ಓಡೋಡಿ ಬಂದರು. ಓದಿ ಕೆಂಪಾದರು. "ಈ ಹಾಳೆ ಹರೀರಿ."

"ಪುಟಕ್ಕೆ ನಂಬರ್ ಇದೆ ಸರ್. ಹರಿದ್ರೆ ಗೊತ್ತಾಗತ್ತೆ."

ಮೂಲೆಯಲ್ಲಿ ಹಿರಿಯ ಶಿಕ್ಷಕರೊಬ್ಬರು ಕೂತಿದ್ದರು. ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದವರಂತೆ ಇದ್ದುದರಿಂದ ಮೌನಿ ಎಂದೇ ಹೆಸರಾದವರು. ಅವರು ಲೋಟ ಕೆಳಗಿಟ್ಟು ಎದ್ದು ಬಂದರು. ಕೋಲಕ್ಕನತ್ತ ಕೈ ಚಾಚಿ, "ಪೆನ್ನು. ನನ್ನ ಕೈಗೆ," ಎಂದರು. ನಂತರ ಕಮಾಂಡರರ ಎದುರಿಗೇ ಮುಂದಿನ ಪುಟ ತಿರುಗಿಸಿ, ಕಳೆದ ವರ್ಷ ಇಳಿಯುವಾಗ ಒಂದು ಕ್ಷಣ ತೂಕಡಿಸಿದ್ದನ್ನು ತಾರೀಖಿನ ಸಮೇತ ಬರೆದರು.

ವಾರ ಮುಗಿಯುವಷ್ಟರಲ್ಲಿ ಐವರು ಸೇರಿ ಹನ್ನೊಂದು ಪುಟ ತುಂಬಿಸಿದ್ದರು. ಹನ್ನೆರಡನೆಯದು ಅಂಚೆಯಲ್ಲಿ ಬಂತು, ತಮ್ಮನ ಅಕ್ಷರದಲ್ಲಿ. ಜೊತೆಯಲ್ಲಿ ಒಂದು ಚೀಟಿ: "ಇದನ್ನೂ ಅಂಟಿಸು. ಬೈದಿದ್ದು ಸಾಕು." ಅವಳು ಅಂಟಿಸಿದಳು. ಓದುವಾಗ ಕಣ್ಣು ತುಂಬಿಬಂತು.

ತನಿಖೆಯವರು ಬಂದರು. ಒಂಬತ್ತು ದಿನ ಒಂದು ವಿಮಾನವೂ ಮೇಲೇಳಲಿಲ್ಲ. ದಿನಕ್ಕೆ ಮೂರು ಎಂಬ ನಿಯಮ ಗೋಡೆಯಿಂದ ಇಳಿದು ಕೆಲಸಕ್ಕೆ ಬಂತು. ಆ ವರ್ಷ ನೆಲೆಯಿಂದ ಹೊರಟ ಪೈಲಟ್‌ಗಳು ನಲವತ್ತಲ್ಲ, ಇಪ್ಪತ್ತಾರು. ಹಿತ್ತಾಳೆಯ ಫಲಕ ವಾಪಸು ಹೋಯಿತು. ಆದರೆ ಉಳಿದ ನಾಲ್ವರ ಪುಟಗಳನ್ನು ಹಳೆಯ ಸಂಗತಿ ಎಂದು ಬಿಟ್ಟು, ಶಿಕ್ಷೆಯನ್ನು ಕೋಲಕ್ಕನೊಬ್ಬಳಿಗೇ ಕೊಟ್ಟರು. ನಾಲ್ಕು ತಿಂಗಳು ಹಾರುವಂತಿಲ್ಲ, ಉಳಿಕೆ ಭತ್ಯೆಗೆ ಅರ್ಹಳಲ್ಲ. ಇಂಥವಳು ಇದ್ದಷ್ಟೂ ತಲೆನೋವು ಎಂದು ಮೇಲಿನವರಿಗೆ ಅನಿಸಿರಬೇಕು. ಕಮಾಂಡರರು ಒಂದು ದಿನ ಮೆಲ್ಲಗೆ, "ನಿಮಗೆ ಪಿಂಚಣಿ ಸಿಗೋಷ್ಟು ವರ್ಷ ಆಗಿದೆ. ಬೇಕಿದ್ರೆ ಈಗಲೇ ಹೋಗಬಹುದು," ಎಂದರು.

"ಗೂಟಕ್ಕೆ ಕಟ್ಟೋಕೆ ಬಂದ್ರಿ, ಈಗ ಹಗ್ಗ ಬಿಚ್ಚಿ ಓಡಿಸೋಕೆ ನೋಡ್ತಿದೀರಿ," ಎಂದಳು ಕೋಲಕ್ಕ. "ಹೋಗಲ್ಲ ಸರ್. ದುಡ್ಡು ಇಸ್ಕೊಂಡು ಉಳಿದೋರನ್ನ ನೀವು ಬೇಕಾದ ಹಾಗೆ ಕುಣಿಸಬಹುದು. ಬಿಟ್ಟಿ ಉಳಿದೋಳನ್ನ ಏನ್ಮಾಡ್ತೀರಿ?"

ನಾಲ್ಕು ತಿಂಗಳು ಅವಳು ನೆಲದ ಮೇಲೆ ಮರದ ವಿಮಾನ ತಿರುಗಿಸುತ್ತಲೇ ಕಲಿಸಿದಳು. ಐದನೇ ತಿಂಗಳ ಮೊದಲ ದಿನ ಗುಬ್ಬಿಯ ಹಿಂದಿನ ಸೀಟಿನಲ್ಲಿ ಕೂತು ಮೂರು ಸುತ್ತು ಹಾಕಿಸಿದಳು. ಮೂರನೆಯದು ಮುಗಿದ ಮೇಲೆ ಕೆಳಗಿಳಿದು, ಎಂಜಿನ್ನಿನ ಸದ್ದಿಗೂ ಮೀರಿ ಕೂಗಿದಳು: "ಒಬ್ಬನೇ ಹೋಗು! ನಿನ್ನ ಕೈಗೆ!"

"ನನ್ನ ಕೈಗೆ, ಮೇಡಂ!" ಗುಬ್ಬಿ ಹೋದ, ಸುತ್ತಿದ, ಬೇಲಿ ದಾಟಿ ಬಂದು ನೆಟ್ಟಗೆ ಇಳಿದ.

ಸಂಜೆ ಅಪ್ಪ ಅವಳನ್ನು ಕೆಳಗೇ ಕಾಯುತ್ತಿದ್ದರು. ಹುಡುಗ ಒಬ್ಬನೇ ಹಾರುತ್ತಾನೆಂದು ತಿಳಿದು, ಆಕಾಶ ಪೂರಾ ಕಾಣುವ ಬೀದಿಯಿಂದಲೇ ನೋಡಬೇಕೆಂದು ಹಟ ಹಿಡಿದು ಇಳಿದಿದ್ದರಂತೆ. ಈಗ ಹತ್ತಬೇಕಿತ್ತು. ಅವಳು ರಟ್ಟೆ ಹಿಡಿದಳು. ಐದು ಮೆಟ್ಟಿಲು ಹತ್ತಿದ ಮೇಲೆ ಅಪ್ಪ ನಿಂತರು.

"ಬಿಡಮ್ಮಾ. ಪಕ್ಕದ ಸೀಟಲ್ಲಿ ಕೂತೋರು ಹೀಗೆ ಹಿಡ್ಕೊಂಡ್ರೆ ನಾನು ಹತ್ತಿದ ಹಾಗಾಗಲ್ಲ."

"ನಿಮ್ಮ ಕೈಗೆ, ಅಪ್ಪ."

"ನನ್ನ ಕೈಗೆ."

"ನಿಮ್ಮ ಕೈಗೆ," ಎಂದು ಅವಳು ಬಿಟ್ಟು, ಅವರಿಗೆ ಕಾಣುವಂತೆ ಎರಡೂ ಕೈ ಮೇಲೆತ್ತಿದಳು. ಅಪ್ಪ ಕಂಬಿ ಹಿಡಿದು, ಹಲ್ಲು ಕಚ್ಚಿ, ಉಳಿದ ನಲವತ್ತೊಂಬತ್ತು ಮೆಟ್ಟಿಲನ್ನೂ ಒಬ್ಬರೇ ಹತ್ತಿದರು. ಕೊನೆಯ ಮೆಟ್ಟಿಲು ಮುಗಿಯುವವರೆಗೂ ಅವಳು ಕೈ ಇಳಿಸಲಿಲ್ಲ.