ಕಿಡಿ ಕುಗ್ಗುವ ಹೊತ್ತು

ಟಾಂಗಾದ ಹಾಪಾಯಿಯ ದೋಣಿಕಟ್ಟೆಯಲ್ಲಿ ಬೆಸುಗೆ ಹಾಕುವ ಪೌಲಿಯಾಸಿಯ ಹಳೆಯ ಎ.ಸಿ. ಯಂತ್ರ ದ್ವೀಪದ ಕರೆಂಟನ್ನೇ ಕುಡಿದು ಬದುಕುವಂಥದು. ಆ ಕರೆಂಟು ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುವಾಗ ಕಿಡಿಯೂ ನೂರು ಸಲ ಸತ್ತು ಹುಟ್ಟುತ್ತದೆ, ಹಾಗಾಗಿ ಊರಲ್ಲಿ ಯಾರು ಸ್ವಿಚ್ ಹಾಕಿದರೂ, ಸೀನಿದರೂ ಬೆಚ್ಚುತ್ತದೆ. ಮುಖವಾಡದ ಹಸಿರು ಗಾಜಿನ ಹಿಂದೆ, ಕಡಲಡಿಯಲ್ಲಿ ಕೂತು ಚಂದ್ರನನ್ನು ನೋಡುವವನಂತೆ, ಅವನು ಆ ನಡುಕವನ್ನು ಓದುತ್ತಾನೆ: "ಪಾದ್ರಿ ಮನೇಲಿ ಇಸ್ತ್ರಿ ಶುರುವಾಯ್ತು." ಯಾರ ಫ್ರಿಜ್ಜಿನಲ್ಲಿ ಎಷ್ಟು ಮೀನಿದೆ, ಅದರಲ್ಲಿ ಎಷ್ಟಕ್ಕೆ ನೆಗಡಿಯಾಗಿದೆ ಎಂಬುದನ್ನೂ ಹೇಳಿಬಿಟ್ಟಾನು. ದೋಣಿ ಮಾಲೀಕ ಕೆಲೇಪಿ, ಡೀಸೆಲ್ಲಿನಿಂದ ತಾನೇ ಕರೆಂಟು ಹುಟ್ಟಿಸುವ ಡಿ.ಸಿ. ಯಂತ್ರ ತಂದುಕೊಟ್ಟಿದ್ದಾನೆ, ಅದರ ಕರೆಂಟು ಒಂದೇ ದಿಕ್ಕಿಗೆ ಹರಿಯುವುದರಿಂದ ಚಂಡಮಾರುತ ಬಂದರೂ ಕಿಡಿ ಕಣ್ಣು ಮಿಟುಕಿಸದು. ದೋಣಿಯ ತಳಕ್ಕೆ ಪೌಲಿಯಾಸಿ ಅದನ್ನೇ ಹಿಡಿದರೂ, ನಾಲ್ಕು ಗಂಟೆಯಾಗುತ್ತಲೇ ಹಳೆಯದಕ್ಕೆ ಮರಳಿ ಯಾವುದಾದರೂ ತುಕ್ಕು ಸರಳಿಗೆ ತೇಪೆ ಹಚ್ಚುತ್ತಾನೆ. "ಲೋ ಮುದ್ಕ, ಚಿನ್ನದಂಥ ಮಿಷಿನ್ ಬಿಟ್ಟು ಆ ನಡುಗೋ ಅಜ್ಜೀನ ಯಾಕೋ ತಬ್ಕೋತೀಯ?" ಎಂದು ಕೆಲೇಪಿ ರೇಗಿಸುತ್ತಾನೆ. ಪೌಲಿಯಾಸಿಯ ಎದೆನೋವಿನ ಅಕ್ಕ ಲೂಪೇ ತೆಂಗಿನ ಮರಗಳಾಚೆಯ ಮನೆಯಲ್ಲಿ ಒಂಟಿ. ತಮ್ಮನಾದವನು ಅಕ್ಕನ ಮನೆಯೊಳಗೆ ಕಾಲಿಡುವುದು ಟಾಂಗಾದಲ್ಲಿ ಮರ್ಯಾದೆಯಲ್ಲ, ಆದ್ದರಿಂದ ನಾಲ್ಕಕ್ಕೆ ಅವಳು ಚಹಾಕ್ಕೆ ಕರೆಂಟಿನ ಕೆಟಲ್ ಹಾಕಿದಾಗ ಕಿಡಿ ಕುಗ್ಗುವುದೇ ಅವನಿಗೆ ಅವಳ ಕ್ಷೇಮಸಮಾಚಾರ. ನಿನ್ನೆ ನಾಲ್ಕೂವರೆಯಾದರೂ ಕಿಡಿ ಕುಗ್ಗಲಿಲ್ಲ. "ಆಹಾ, ದಾರ ಹಿಡ್ದಂಗೆ ನೆಟ್ಟಗಿದೆ!" ಎಂದು ಕೆಲೇಪಿ ಬೆಸುಗೆಯನ್ನು ಹೊಗಳುತ್ತಿದ್ದಂತೆ ಪೌಲಿಯಾಸಿ ಮುಖವಾಡ ಸಮೇತ ಓಡಿ ಅಕ್ಕನ ಬಾಗಿಲು ದಾಟಿದ. ಚಾಪೆ ಹೆಣೆಯುತ್ತಿದ್ದವಳು ತಲೆಯೆತ್ತಿದಳು. "ಥೂ ಮಾನಗೆಟ್ಟೋನೆ, ಒಳಗೇ ಬಂದ್ಬಿಟ್ಯಾ? ಸರಿ, ಬಂದಿದೀಯಲ್ಲ, ಈ ಕೆಟಲ್ ಸುಟ್ಟೋಗಿದೆ, ನೋಡು."